ಒಂದು ದಿನದ ಒಕ್ಕಲುತನ

ಪಾಯಪ್ಪನ ಅಂಗೈ ಮೆತ್ತಗಿದ್ದದ್ದೇ ಎಲ್ಲ ತಾಪತ್ರಯಕ್ಕೂ ಮೂಲ. ಬೆಳಗಾವಿಯ ಕ್ಯಾಂಪಿನಲ್ಲಿ ಗೋರಾ ಸಿಪಾಯಿಗಳಿಗೆ ಸಾಬೂನು, ಗುಂಡಿ, ಬೂಟ್ ಪಾಲಿಶು ಮಾರುವವನ ಅಂಗೈ ಇನ್ನು ಹೇಗಿರಬೇಕು? ಡಬ್ಬಿಯ ಮುಚ್ಚಳ ತೆಗೆಯುವುದು, ಚಿಲ್ಲರೆ ಎಣಿಸುವುದು, ಸಾಹೇಬ ಬಂದರೆ ಹಣೆಗೆ ಹಚ್ಚಿ ಸಲಾಮು ಹೊಡೆಯುವುದು, ಇಷ್ಟೇ ಆ ಕೈಗಳು ಹುಟ್ಟಿದಾಗಿನಿಂದ ಪಟ್ಟ ಕಷ್ಟ. ಅಂಥ ಕೈಗಳ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಈಗ ಅವೇ ಕೈಗಳು ಕೋರ್ಟಿನಲ್ಲಿ ಅವನಿಗೆ ವೈರಿಗಳಾಗಿ ನಿಂತಿದ್ದವು.

ಸಂಗತಿ ಹೀಗಿತ್ತು. ಖಾನಾಪುರದ ಹತ್ತಿರ, ಮಲಪ್ರಭೆಯ ದಂಡೆಗೆ, ಪಾಯಪ್ಪನ ಅಪ್ಪ ಮಾಡಿಟ್ಟುಹೋದ ಒಂದು ಭತ್ತದ ಗದ್ದೆಯಿತ್ತು. ದೊಡ್ಡ ಯುದ್ಧ ಮುಗಿದು ಕ್ಯಾಂಪಿನ ತುಂಬ ಪಲ್ಟನ್ನುಗಳು ಬಂದಿಳಿದಾಗ ಅಂಗಡಿ ಹಾಕುವ ಹುರುಪಿನಲ್ಲಿ ಪಾಯಪ್ಪ ಗುರುಪುತ್ರಪ್ಪ ಸಾವಕಾರರ ಹತ್ತಿರ ಸಾಲ ಕೇಳಿದ. ಸಾವಕಾರರು ಸಾಲದ ಕಾಗದ ಬರೆಸಿಕೊಳ್ಳಲಿಲ್ಲ. ಆ ಸೀಮೆಯ ರೂಢಿಯಂತೆ ಖುಷ್ ಖರೀದಿ ಪತ್ರ ಬರೆಸಿಕೊಂಡರು. ಅಂದರೆ ಪಾಯಪ್ಪ ಗದ್ದೆಯನ್ನು ಖುಷಿಯಿಂದ ಮಾರಿದ, ಅವರು ಖುಷಿಯಿಂದ ಕೊಂಡರು, ಸಾಲದ ಮಾತೇ ಇಲ್ಲ. ಸಹಿ ಬಿದ್ದ ಮೇಲೆ ಬಾಯಿಮಾತಿನಲ್ಲಿ, "ನೀ ರೊಕ್ಕಾ ತಂದ ದಿನ ಗದ್ದಿ ನಿಂದ" ಎಂದರು. ಮದುವೆಗೆ ಬಂದವರಿಗೆಲ್ಲ ಊಟ ಮಾಡಿಕೊಂಡು ಹೋಗಿ ಎನ್ನುವ ಹಾಗೆ, ಸಾವಕಾರರು ಎಲ್ಲರಿಗೂ ಹೇಳುವ ಮಾತು ಅದು. ಗದ್ದೆಯನ್ನು ಮೊದಲಿನಿಂದ ಉಳುತ್ತಿದ್ದ ಭರಮಪ್ಪನೇ ಮುಂದೆಯೂ ಉಳುತ್ತ ಉಳಿದ. ವರ್ಷದ ಪಾಲಿನ ಅಕ್ಕಿ ಮಾತ್ರ ಪಾಯಪ್ಪನ ಮನೆಯ ದಾರಿ ಮರೆತು ಸಾವಕಾರರ ಮನೆಯ ದಾರಿ ಹಿಡಿಯಿತು.

ಅದನ್ನು ಸಹಿಸದೆ ಹೋದವಳು ಪಾಯಪ್ಪನ ಹೆಂಡತಿ ಜಿನಮತಿ. ಪೇಟೆಯ ಅಕ್ಕಿ ಅನ್ನವಾಗಿ ತಾಟಿಗೆ ಬಿದ್ದಾಗಲೆಲ್ಲ ಅವಳಿಗೆ ಮಾವನ ನೆನಪಾಗುತ್ತಿತ್ತು, ಮಾವನ ನೆನಪಾದಾಗಲೆಲ್ಲ ಗಂಡನ ಬುದ್ಧಿಯ ನೆನಪಾಗುತ್ತಿತ್ತು. ಈ ವರ್ಷ ಅದಕ್ಕಿಂತ ಕೆಟ್ಟ ಸುದ್ದಿ ಬಂತು. ಸಾವಕಾರರು ಗದ್ದೆಯನ್ನು ಹಂಚಿನ ಕಾರಖಾನೆಯವರಿಗೆ ಮಾರಲು ಹೊರಟಿದ್ದರು. ಕಾರಖಾನೆಯವರಿಗೆ ಬೇಕಾದದ್ದು ಭತ್ತವಲ್ಲ, ಮಣ್ಣು. ಅವರು ಅಗೆದು ಒಯ್ದ ಮೇಲೆ ಗದ್ದೆ ಇದ್ದ ಜಾಗದಲ್ಲಿ ನೀರು ನಿಂತ ಹೊಂಡವೊಂದು ಉಳಿಯುತ್ತಿತ್ತು. ಪಾಯಪ್ಪ ಓಡಿಹೋಗಿ, "ರೊಕ್ಕಾ ತರ್ತೀನ್ರಿ, ನನ್ನ ಗದ್ದಿ ಕೊಡ್ರಿ" ಎಂದ. ಸಾವಕಾರರು ಅತ್ಯಂತ ಪ್ರೀತಿಯಿಂದ ಕಾಗದ ತೋರಿಸಿ, "ಇದರಾಗ ಎಲ್ಲಿ ಬರದೈತಿ ತೋರಸಪಾ" ಎಂದರು.

ಆಗ ಅವನ ಕೈಹಿಡಿದವರು ನಾಗಲಿಂಗ ವಕೀಲರು. "ಕಾಯ್ದೆ ಐತಿ, ಹೆದರಬ್ಯಾಡ್ರಿ. ಮಾರಿದಾವ ರೈತ ಇದ್ರ, ಕೋರ್ಟು ಕಾಗದಾ ಬಾಜೂಕ ಇಟ್ಟು, ಒಳಗಿನ ಖರೇ ಸಂಗತಿ ಏನಂತ ಬಾಯಿಸಾಕ್ಷಿ ಕೇಳ್ತದ. ಇದು ಖರೀದಿ ಅಲ್ಲ, ಸಾಲಕ್ಕ ಇಟ್ಟ ಒತ್ತಿ ಅಂತ ಆತಂದ್ರ ರೊಕ್ಕಾ ಕೊಟ್ಟು ಗದ್ದಿ ಬಿಡಿಸಿಕೊಳ್ಳಾಕ ಬರ್ತದ. ಅಷ್ಟ ಅಲ್ಲ, ಸಾವಕಾರ ಇಷ್ಟ ವರ್ಷ ತಿಂದ ಅಕ್ಕೀನೂ ಸಾಲದಾಗ ಮುರೀತಾರ."

"ಮಾರಿದಾವ ವ್ಯಾಪಾರಿ ಇದ್ರ?"

"ಹಂಗಾದ್ರ ಕಾಗದ ಹೇಳಿದ್ದ ಖರೇ. ಮನೀಗೆ ಹೋಗಿ ಮಕ್ಕೋಬೇಕು."

ಮಲಗುವುದಕ್ಕೆ ಜಿನಮತಿ ಬಿಡುವಂತಿರಲಿಲ್ಲ. ಹೀಗಾಗಿ ಪಾಯಪ್ಪ ಕೋರ್ಟಿನಲ್ಲಿ ತಾನು ಹುಟ್ಟು ರೈತನೆಂದೂ, ಅಂಗಡಿ ಎಂಬುದು ಹೊತ್ತು ಹೋಗದಾಗಿನ ಹವ್ಯಾಸವೆಂದೂ ಬರೆದುಕೊಟ್ಟ. ಹೊಸದಾಗಿ ಬಂದಿದ್ದ ಜಡ್ಜ ಸಾಹೇಬರು ಅದನ್ನು ಓದಿ, ಕನ್ನಡಕ ಏರಿಸಿ, "ಎಲ್ಲಿ, ಕೈ ತೋರಸು" ಎಂದರು. ಪಾಯಪ್ಪ ತೋರಿಸಿದ. ಸಾಹೇಬರು ನೋಡಿದರು, ಶಿರಸ್ತೇದಾರರು ಬಗ್ಗಿ ನೋಡಿದರು, ಗುರುಪುತ್ರಪ್ಪ ಸಾವಕಾರರು ದೂರದಿಂದಲೇ ನೋಡಿ ರುಮಾಲು ಸರಿಮಾಡಿಕೊಂಡರು. "ಮೃಗದ ಮಳಿ ಬಿದ್ದ ಮ್ಯಾಲ ಶನಿವಾರ ನಾನ ಖಾನಾಪುರಕ್ಕ ಬಂದು ನೋಡತೀನಿ. ನೀ ಅಲ್ಲಿ ಕೆಲಸ ಮಾಡ್ತಿರಬೇಕು" ಎಂದು ಸಾಹೇಬರು ಅಪ್ಪಣೆ ಮಾಡಿದರು.

ಅಂದಿನಿಂದ ಪಾಯಪ್ಪನ ಅಂಗೈ ಜಡ್ಡುಗಟ್ಟಿಸುವ ಕೆಲಸ ಶುರುವಾಯಿತು. ಜಿನಮತಿ ಅವನನ್ನು ಬೀಸುಕಲ್ಲಿಗೆ ಕೂರಿಸಿದಳು, ಒನಕೆ ಕೊಟ್ಟು ಒರಳಿನ ಮುಂದೆ ನಿಲ್ಲಿಸಿದಳು. ಅಂಗೈ ಜಡ್ಡುಗಟ್ಟಲಿಲ್ಲ, ಗುಳ್ಳೆ ಎದ್ದವು. ಜಿನಮತಿಗೆ ಮಾತ್ರ ವರ್ಷಕ್ಕಾಗುವಷ್ಟು ಖಾರದ ಪುಡಿ ಸಿಕ್ಕಿತು. "ಕೇಸು ಸೋತರೂ ನನ್ನ ಪ್ರಪಂಚಕ್ಕೊಂದು ಉಪಯೋಗವಾಯಿತು" ಎಂದುಕೊಂಡು ಪಾಯಪ್ಪ ಊದಿದ ಕೈಗಳನ್ನು ನೀರಿನಲ್ಲಿ ಅದ್ದಿ ಕುಳಿತ. ತನ್ನ ಮೇಲೆ ತಾನೇ ನಗುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇತ್ತು. ಬೇರೆಯವರು ನಗುವುದಕ್ಕೆ ಮುಂಚೆ ನಕ್ಕುಬಿಟ್ಟರೆ ಅಷ್ಟೊಂದು ನೋಯುವುದಿಲ್ಲ ಎಂಬುದು ಅವನ ಅನುಭವ.

ಆ ಶನಿವಾರ ಬೆಳಕು ಹರಿಯುವ ಮೊದಲೇ ವಡಗಾವಿಯ ಓಣಿಯೆಲ್ಲ ಪಾಯಪ್ಪನ ಮನೆಯಲ್ಲಿತ್ತು. ಅದು ನೇಕಾರರ ಓಣಿ. ಅಲ್ಲಿ ಭತ್ತದ ಸಸಿಯನ್ನು ಹತ್ತಿರದಿಂದ ಕಂಡವರು ಯಾರೂ ಇರಲಿಲ್ಲ. ಆದ್ದರಿಂದ ಸಲಹೆಗೆ ಕೊರತೆಯಿರಲಿಲ್ಲ.

"ರೈತ ಅಂದ ಮ್ಯಾಲ ಕೈಯಾಗ ಕುಡಗೋಲ ಬೇಕಲ್ಲೋ ಪಾಯಪ್ಪಣ್ಣಾ" ಎಂದು ಎದುರು ಮನೆಯ ಮಗ್ಗದ ರಾಯಪ್ಪ ಎಲ್ಲಿಂದಲೋ ಒಂದು ಕುಡಗೋಲು ತಂದು ಸೊಂಟಕ್ಕೆ ಸಿಗಿಸಿದ.

"ಕುಡಗೋಲ ಒಂದ ಇದ್ರ ಆತೇನು? ಕೇರಾಕ ಏನ ಮಾಡ್ತೈತಿ ಕೂಸು?" ಎಂದು ಬಾಜೂ ಮನೆಯ ಮುದುಕಿ ಚಂದ್ರವ್ವ ತನ್ನ ಮೊರ ತಂದು ಕಂಕುಳಿಗೆ ಕೊಟ್ಟಳು. ಯಾರೋ ಕಂಬಳಿ ಹೊದಿಸಿದರು. ಇನ್ಯಾರೋ ಧೋತರವನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದರು. ಆಗ ಬಿಸಿಲು ಕಾಣದ ಅವನ ಬಿಳಿ ಮೀನಖಂಡಗಳು ಹೊರಬಿದ್ದವು.

"ಛೇ, ಇವು ರೈತನ ಕಾಲ ಅಲ್ಲೋ ಮಾರಾಯಾ" ಎಂದ ರಾಯಪ್ಪ. ಆಮೇಲೆ ಅವನ ಮುಖ ಅರಳಿತು. "ನಿಮ್ಮ ಅಂಗಡ್ಯಾಗ ಕೆಂಪ ಪಾಲಿಶ ಇಲ್ಲೇನು?"

ಪಾಯಪ್ಪ ಬೇಡವೆಂದ. ಆದರೆ ಓಣಿಗೆ ಓಣಿಯೇ ಒಂದು ಮನಸ್ಸು ಮಾಡಿದಾಗ ಒಬ್ಬನ ಕಾಲುಗಳ ಅಭಿಪ್ರಾಯ ಯಾರು ಕೇಳುತ್ತಾರೆ? ಗೋರಾ ಸಾಹೇಬರ ಬೂಟಿಗೆಂದು ತರಿಸಿದ ಒಂದು ಡಬ್ಬಿ ಪಾಲಿಶು ಅವನ ಕೈಕಾಲುಗಳಿಗೆ ಖರ್ಚಾಯಿತು. ತಿಕ್ಕಿದವನು ರಾಯಪ್ಪ, ಮಗ್ಗದ ಮೇಲೆ ಕೂತು ಪಳಗಿದ ತೋಳು, ಹೊಳಪು ಬರುವವರೆಗೆ ಬಿಡಲಿಲ್ಲ. ಪಾಯಪ್ಪ ಕನ್ನಡಿಯಲ್ಲಿ ನೋಡಿಕೊಂಡ. ಅಲ್ಲಿ ರೈತ ಕಾಣಲಿಲ್ಲ. ಒಂದು ಜೊತೆ ಹೊಸ ಬೂಟು ಕಂಬಳಿ ಹೊದ್ದು ನಿಂತಂತೆ ಕಂಡಿತು.

ಜಿನಮತಿ ಬುತ್ತಿಯ ಗಂಟನ್ನು ಕೈಗೆ ಕೊಟ್ಟಳು. "ಹೊತ್ತು ಮುಳುಗೂದರೊಳಗ ಬರ್ರಿ, ಇಲ್ಲಾಂದ್ರ ರಾತ್ರಿ ಉಪವಾಸ. ಬರೋವಾಗ ಗದ್ದಿ ತಗೊಂಡ ಬರ್ರಿ." ಗದ್ದೆ ಎಂಬುದು ಸಂತೆಯಿಂದ ತರುವ ಕುಂಬಳಕಾಯಿ ಎಂಬಂತೆ ಅವಳು ಹೇಳಿದಳು. ಆದರೆ ಹೇಳುವಾಗ ಅವಳ ಕಣ್ಣು ತುಂಬಿತ್ತು. ಅದನ್ನು ಕಂಡ ಮೇಲೆ ಪಾಯಪ್ಪನಿಗೆ ಕಾಲಿನ ಉರಿ ಮರೆತೇಹೋಯಿತು.

ಸ್ಟೇಶನ್ನಿನಲ್ಲಿ ಗಾಡಿ ಬರಲು ಇನ್ನೂ ಹೊತ್ತಿತ್ತು. ಪಾಯಪ್ಪ ಮೂಲೆಯಲ್ಲಿ ಅಡಗಿ ಕೂರಬೇಕೆಂದಿದ್ದ. ಆದರೆ ಕುಡಗೋಲು, ಮೊರ, ಕಂಬಳಿ ಹೊತ್ತವನು ಎಲ್ಲಿ ಅಡಗಿಯಾನು? ಜಡ್ಜ ಸಾಹೇಬರು ಶಿರಸ್ತೇದಾರರನ್ನೂ ಜವಾನ ಪಟ್ಟೇವಾಲನನ್ನೂ ಕರೆದುಕೊಂಡು ಅದೇ ಗಾಡಿಗೆ ಬಂದಿದ್ದರು. ಅವರ ಹಿಂದೆಯೇ ಗುರುಪುತ್ರಪ್ಪ ಸಾವಕಾರರು. ಅವರ ವಕೀಲರಿಗೆ ಅಂದು ಜ್ವರ ಬಂದಿದ್ದರಿಂದ ತಾವೊಬ್ಬರೇ ಹೊರಟಿದ್ದರು.

"ನೀ ವಡಗಾವ್ಯಾಗ ಇದ್ದು ಖಾನಾಪುರದಾಗ ಒಕ್ಕಲುತನ ಹೆಂಗ ಮಾಡ್ತಿ?" ಎಂದು ಸಾಹೇಬರು ಕೇಳಿದರು.

"ದಿನಾ ಗಾಡೀಲೆ ಹೋಗಿ ಬರ್ತೀನ್ರಿ ಸಾಹೇಬರ."

"ಈಗ ಬಿತ್ತೂ ದಿವಸ. ಕುಡಗೋಲ ಯಾಕ್ರಿ ಪಾಯಪ್ಪಾರ?" ಎಂದು ಸಾವಕಾರರು ಬಹಳ ಮೆತ್ತಗೆ ವಿಚಾರಿಸಿದರು.

ಪಾಯಪ್ಪ ಸೊಂಟದ ಕಡೆ ನೋಡಿಕೊಂಡ. "ಹುಲ್ಲ ಕೊಯ್ಯಾಕ್ರಿ."

"ಮತ್ತ ಮೊರಾ?"

"ಹುಲ್ಲ... ಕೇರಾಕ್ರಿ."

ಶಿರಸ್ತೇದಾರರು ಕೆಮ್ಮಿದರು. ಸಾಹೇಬರು ಪೇಟೆಯಲ್ಲಿ ಬೆಳೆದವರು. ಹುಲ್ಲು ಕೇರುವ ಪದ್ಧತಿ ಖಾನಾಪುರದ ಕಡೆ ಇರಬಹುದೆಂದು ತಲೆಯಾಡಿಸಿದರು. ಆಮೇಲೆ ಮೂಗೆಳೆದು, ತಮ್ಮ ಬೂಟಿನ ಕಡೆ ನೋಡಿ, "ಇವತ್ತ ಭಾಳ ಚೊಲೋ ತಿಕ್ಕೀಯಪಾ" ಎಂದು ಪಟ್ಟೇವಾಲನ ಬೆನ್ನು ತಟ್ಟಿದರು. ಒಂದು ವಾರದಿಂದ ಬೂಟು ಮುಟ್ಟದಿದ್ದ ಪಟ್ಟೇವಾಲ ಸುಮ್ಮನೆ ಕೈಮುಗಿದ. ಪಾಯಪ್ಪ ಗಾಳಿ ಬೀಸುವ ದಿಕ್ಕು ನೋಡಿಕೊಂಡು ಎರಡು ಹೆಜ್ಜೆ ದೂರ ಸರಿದು ನಿಂತ.

ಖಾನಾಪುರದಲ್ಲಿ ಸಾಹೇಬರು ಚಹಾ ಕುಡಿಯಲು ಬಂಗಲೆಗೆ ಹೋದರು. ಅಷ್ಟರಲ್ಲಿ ಸಾಕ್ಷಿಯನ್ನು ತಯಾರು ಮಾಡಿಕೊಳ್ಳಬೇಕು. ಹಿಂದಿನ ದಿನವೇ ಬಂದು ಕಾಯುತ್ತಿದ್ದ ನಾಗಲಿಂಗ ವಕೀಲರ ಜೊತೆ ಪಾಯಪ್ಪ ಗದ್ದೆಗೆ ಓಡಿದ. ರಾತ್ರಿಯ ಮಳೆಗೆ ನೆಲ ಹದವಾಗಿತ್ತು. ಭರಮಪ್ಪ ರಂಟೆ ಹೂಡಿಕೊಂಡು ಆಗಲೇ ಅರ್ಧ ಗದ್ದೆ ಉತ್ತು ಮುಗಿಸಿದ್ದ. ಅವನು ಐವತ್ತು ದಾಟಿದ ಮನುಷ್ಯ. ಮಾತು ಕಡಿಮೆ. ಧಣಿಯ ಹೊಳೆಯುವ ಕಾಲುಗಳನ್ನು ನೋಡಿ ಎತ್ತು ನಿಲ್ಲಿಸಿದ.

"ಭರಮಣ್ಣಾ, ಇವತ್ತೊಂದ ದಿನ ಗದ್ದಿ ಮಾಡಾವ ನಾನು. ನೀ ನನ್ನ ಕೈಕೆಳಗಿನ ಆಳು. ತಿಳೀತಿಲ್ಲೋ?" ಎಂದ ಪಾಯಪ್ಪ.

ಭರಮಪ್ಪ ಎತ್ತಿನ ಬೆನ್ನ ಮೇಲೆ ಕೈಯಿಟ್ಟು ವಿಚಾರ ಮಾಡಿದ. "ಮತ್ತ ನಾಳೆ, ಧಣ್ಯಾರ?"

"ನಾಳೆ ಎಲ್ಲಾ ಮೊದಲಿನ್ಹಂಗ."

"ಆಗ್ಲಿ ತಗೋರಿ."

ವಕೀಲರು ಮೂರು ಬೆರಳು ಮಡಚಿ ತೋರಿಸಿ ಪಾಠ ಶುರುಮಾಡಿದರು. "ಇದು ಖರೀದಿ ಅಲ್ಲ, ಸಾಲ ಅನ್ನಾಕ ಮೂರ ಗುರ್ತು. ಬರೋಬ್ಬರಿ ನೆನಪಿಡು. ಒಂದು, ಬೆಲಿ. ಇಂಥಾ ಗದ್ದೀನ ಅಷ್ಟ ಕಡಿಮಿ ರೊಕ್ಕಕ್ಕ ಬುದ್ಧಿ ಇದ್ದಾವ ಯಾವನೂ ಮಾರೂದಿಲ್ಲ. ಎರಡು, ಮಾರಿದ ಮ್ಯಾಲೂ ಗದ್ದಿ ಕೈ ಬದಲಾಗಲಿಲ್ಲ, ಮೊದಲ ಉಳತಿದ್ದಾವನ ಉಳಕೋಂತ ಬಂದ. ಮೂರು, 'ರೊಕ್ಕಾ ತಂದ ದಿನ ಗದ್ದಿ ನಿಂದ' ಅಂತ ಮಾತ ಕೊಟ್ಟಾರ."

ಭರಮಪ್ಪ ತನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಪಾಠ ಒಪ್ಪಿಸಿದ. ತಪ್ಪಿದ, ಮತ್ತೆ ಹೇಳಿದ. ಪಾಯಪ್ಪ ತಾಳ್ಮೆಯಿಂದ ತಿದ್ದಿದ.

"ಬರೇ ಬಾಯಿಮಾತಿಗೂ ಕೋರ್ಟಿನ್ಯಾಗ ಕಿಮ್ಮತ್ತ ಐತೇನ್ರಿ?" ಎಂದು ಭರಮಪ್ಪ ಕೇಳಿದ.

"ರೈತನ ಕೇಸಿನ್ಯಾಗ ಐತಿ."

"ಮಾತ ಕೊಟ್ಟವರು ಸತ್ತಹೋಗಿದ್ರ?"

"ಕೇಳಿದಾವ ಒಬ್ಬ ಬದುಕಿದ್ರ ಸಾಕು. ಆದ್ರ ಸಾವಕಾರರು ಕಲ್ಲಿನ್ಹಂಗ ಬದಕ್ಯಾರಲ್ಲೋ, ನಿನಗ್ಯಾಕ ಆ ಚಿಂತಿ?" ಎಂದು ವಕೀಲರು ನಕ್ಕರು. ಭರಮಪ್ಪ ನಗಲಿಲ್ಲ. ಇನ್ನೊಮ್ಮೆ ಮೂರೂ ಗುರುತುಗಳನ್ನು ತುಟಿಯಲ್ಲೇ ಹೇಳಿಕೊಂಡ. ತನಗಾಗಿ ಇಷ್ಟು ಕಷ್ಟಪಟ್ಟು ಕಲಿಯುತ್ತಿದ್ದಾನಲ್ಲ ಎಂದು ಪಾಯಪ್ಪ ಹಿಗ್ಗಿದ. ಗೆದ್ದರೆ ಇವನಿಗೊಂದು ಹೊಸ ಕಂಬಳಿ ಕೊಡಿಸಬೇಕೆಂದು ಮನಸ್ಸಿನಲ್ಲೇ ನಿಶ್ಚಯಿಸಿದ.

ಸಾಹೇಬರು ಛತ್ರಿ ಹಿಡಿದು ಒಡ್ಡಿನ ಮೇಲೆ ಬಂದು ನಿಂತರು. ಪಾಯಪ್ಪನಿಂದಲೂ ಭರಮಪ್ಪನಿಂದಲೂ ಪ್ರಮಾಣ ಮಾಡಿಸಿದರು. ಭರಮಪ್ಪ ತನಗೆ ಕಲಿಸಿದ್ದಷ್ಟನ್ನೂ ಹೇಳಿದ: ತಾನು ಆಳು, ಧಣಿ ರೈತ, ಬೆಲೆ ಕಡಿಮೆ, ಗದ್ದೆ ಕೈ ಬದಲಾಗಲಿಲ್ಲ, ಸಾವಕಾರರು ಮಾತು ಕೊಟ್ಟಿದ್ದಾರೆ. ಶಿರಸ್ತೇದಾರರು ಮೊಣಕಾಲಿನ ಮೇಲೆ ಕಾಗದ ಇಟ್ಟು ಬರೆದುಕೊಂಡರು. ಎಲ್ಲ ನೆಟ್ಟಗೆ ನಡೆದಿತ್ತು. ಅಷ್ಟರಲ್ಲಿ ಗುರುಪುತ್ರಪ್ಪನವರು ಕೈಮುಗಿದು ಮುಂದೆ ಬಂದರು.

"ಸಾಹೇಬರ, ಇವರು ರೈತರು ಅಂತ ನಾನೂ ಒಪ್ಪತೀನಿ. ಒಂದ ಸುತ್ತ ರಂಟಿ ಹೊಡದು ತೋರಿಸಿಬಿಡ್ಲಿ, ಮುಗೀತು."

ಸಾಹೇಬರಿಗೆ ಅದು ನ್ಯಾಯವೆನಿಸಿತು. ಭರಮಪ್ಪನಿಗೆ ದೂರ ನಿಲ್ಲಲು ಹೇಳಿದರು.

ಪಾಯಪ್ಪ ರಂಟೆಯ ಹಿಂದೆ ನಿಂತ. ಹಿಡಿ ಮುಟ್ಟಿದೊಡನೆ ಅಂಗೈಯ ಗುಳ್ಳೆಗಳು ಜಿನಮತಿಯನ್ನು ನೆನೆದವು. "ಹೋಯ್" ಎಂದ. ಎತ್ತುಗಳು ಕಿವಿ ಆಡಿಸಿದವು. "ನಡೀರೆಪ್ಪಾ" ಎಂದ. ಖಾನಾಪುರದ ಎತ್ತುಗಳಿಗೆ ಮರಾಠಿ ತಿಳಿಯಬಹುದೆಂದು ಮುಂದೆ ಹೋಗಿ ಬೆನ್ನು ತಟ್ಟಿ "ಚಲಾ ರೇ ಬಾಬಾ" ಎಂದೂ ಬೇಡಿಕೊಂಡ. ಎಡಗಡೆಯ ಎತ್ತು ಪಕ್ಕಕ್ಕೆ ತಿರುಗಿ, ಪಾಲಿಶು ಹಚ್ಚಿದ ಅವನ ತೋಳನ್ನು ಮೂಸಿ, ನಿಧಾನವಾಗಿ ನೆಕ್ಕತೊಡಗಿತು. ಬಲಗಡೆಯದು ತನಗೂ ಬೇಕೆಂದು ನೊಗ ಎಳೆಯಿತು.

"ನೋಡ್ರಿ,  ಮೂಕ ಪ್ರಾಣಿಗೆ ಯಜಮಾನನ ಗುರ್ತು ಹೆಂಗ ಇರ್ತದ" ಎಂದು ಸಾಹೇಬರು ಶಿರಸ್ತೇದಾರರಿಗೆ ಹೇಳಿದರು.

"ಪ್ರೀತಿ ಐತ್ರಿ, ಆದ್ರ ನಡೀವಲ್ಲವಲ್ರಿ" ಎಂದರು ಸಾವಕಾರರು.

ಪಾಯಪ್ಪ ಮತ್ತೆ ರಂಟೆಯ ಹಿಡಿ ಹಿಡಿದು ಬೆವೆತ. ಬೆವರಿಗೆ ಪಾಲಿಶು ಇಳಿದು ಕೆಂಪು ಗೆರೆಗಳು ಮೊಣಕೈಯಿಂದ ಹನಿಯತೊಡಗಿದವು. ಇಷ್ಟು ವರ್ಷ ಕ್ಯಾಂಪಿನಲ್ಲಿ ಕೂತು ಕಲಿತದ್ದು ಏನೂ ಇಲ್ಲವಲ್ಲ ದೇವರೇ, ಇಡೀ ದಿನ ಕವಾಯತು ಕೇಳುತ್ತ ಡಬ್ಬಿ ಒರೆಸಿದ್ದೇ ಬಂತು ಎಂದು ಹಲುಬಿದ. ಹಲುಬುತ್ತಲೇ ಅಂಗಡಿಯ ಎದುರಿನ ಮೈದಾನದಲ್ಲಿ ದಿನವೂ ಕಿವಿಗೆ ಬೀಳುತ್ತಿದ್ದ ಕೂಗು ಸಿಟ್ಟಿನ ಭರದಲ್ಲಿ ಅವನ ಬಾಯಿಂದ ಹೊರಬಿತ್ತು: "ಕ್ವಿಕ್ ಮಾರ್ಚ್!"

ಎತ್ತುಗಳು ತಲೆಯೆತ್ತಿದವು. ಮರುಗಳಿಗೆಯಲ್ಲಿ ಜೋಡಿ ಹೆಜ್ಜೆ ಹಾಕುತ್ತ ಹೊರಟವು. ಭರಮಪ್ಪ ಆ ಜೋಡಿಯನ್ನು ಕ್ಯಾಂಪಿನ ಹರಾಜಿನಲ್ಲಿ ಕೊಂಡುತಂದಿದ್ದ. ಅದಕ್ಕೂ ಮೊದಲು ಅವು ಪಲ್ಟನ್ನಿನ ನೀರಿನ ಗಾಡಿ ಎಳೆಯುತ್ತಿದ್ದವು. ಇದು ಪಾಯಪ್ಪನಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳಲು ಈಗ ಪುರುಸೊತ್ತೂ ಇರಲಿಲ್ಲ. ರಂಟೆ ಅವನನ್ನು ಎಳೆದುಕೊಂಡು ಗದ್ದೆಯ ತುದಿ ಮುಟ್ಟಿತು. ಎತ್ತುಗಳು ತಿರುಗಲಿಲ್ಲ. ತಿರುಗು ಎಂದು ಯಾರೂ ಹೇಳಿರಲಿಲ್ಲ. ಒಡ್ಡಿನ ಕೆಳಗೆ ನಿಂತಿದ್ದ ಗುರುಪುತ್ರಪ್ಪನವರ ಕಡೆಗೇ ನೇರವಾಗಿ ನಡೆದವು. ಸಾವಕಾರರು ಧೋತರ ಎತ್ತಿಕೊಂಡು ಹಿಂದೆ ಸರಿದರು, ಕೆಸರಿನಲ್ಲಿ ಕಾಲು ಸಿಕ್ಕಿ ಕುಳಿತೇಬಿಟ್ಟರು. "ಪಾಯಪ್ಪಾ! ನಿಂದರಿಸೋ ಮಾರಾಯಾ!"

"ಹಾಲ್ಟ್!" ಎಂದು ಪಾಯಪ್ಪ ಕಿರುಚಿದ.

ಎತ್ತುಗಳು ನಿಂತವು. ಒಂದರ ಮೂತಿ ಸಾವಕಾರರ ರುಮಾಲಿಗೆ ತಾಗುತ್ತಿತ್ತು.

ಆಮೇಲೆ ಸಾಹೇಬರು ಛತ್ರಿ ಮಡಚಿ ಹೇಳಿದರು: "ಒಂದ ಮಾತಿಗೆ ನಡಸ್ತಾನ, ಒಂದ ಮಾತಿಗೆ ನಿಂದರಸ್ತಾನ. ಕೈಯಿಂದ ಹಂಗ ನೆತ್ತರ ಸುರೀಲಿಕ್ಕತ್ತದ, ಆದರೂ ರಂಟಿ ಬಿಟ್ಟಿಲ್ಲ. ಇಂಥಾವ ರೈತ ಅಲ್ಲಂದ್ರ ಮತ್ಯಾರು? ಬರಕೋರಿ." ಕೈಯಿಂದ ಸುರಿಯುತ್ತಿದ್ದದ್ದು ಕೆಂಪು ಪಾಲಿಶು ಎಂದು ಹೇಳಲು ಪಾಯಪ್ಪನಿಗೆ ಉಸಿರು ಉಳಿದಿರಲಿಲ್ಲ.

ಸಾಹೇಬರು ಕೆಸರಿನಿಂದ ಎದ್ದ ಸಾವಕಾರರ ಕಡೆ ತಿರುಗಿದರು. "ಗುರುಪುತ್ರಪ್ಪನವರ, ಕೊರಳಾಗಿನ ಲಿಂಗ ಮುಟ್ಟಿ ಹೇಳ್ರಿ. ರೊಕ್ಕಾ ತಂದ ದಿನ ಗದ್ದಿ ನಿಂದ ಅಂತ ಅಂದಿದ್ರೋ ಇಲ್ಲೋ?"

ಸಾವಕಾರರ ಕೈ ಎದೆಗೆ ಹೋಯಿತು. ಹಣದ ವಿಷಯದಲ್ಲಿ ಅವರು ಬಿಗಿ, ಆದರೆ ಲಿಂಗ ಮುಟ್ಟಿ ಸುಳ್ಳಾಡಿದವರಲ್ಲ. "ಅಂದಿದ್ದೆ, ಖರೇ ಐತ್ರಿ. ಎಲ್ಲಾರೂ ಅಂತಾರ್ರಿ ಸಾಹೇಬರ. ಅನ್ನೂದು ಒಂದ ರೂಢಿ."

"ಕೋರ್ಟು ರೂಢಿ ನೋಡೂದಿಲ್ಲ, ಮಾತು ನೋಡ್ತದ. ಇದು ಖರೀದಿ ಅಲ್ಲ, ಸಾಲದ ಒತ್ತಿ. ನೀವು ಪಡಕೊಂಡ ಅಕ್ಕಿ ಲೆಕ್ಕದಾಗ ಮುರಕೊಂಡು, ಉಳದ ರೊಕ್ಕಾ ಪಾಯಪ್ಪ ನಿಮಗ ಕೊಡಬೇಕು, ಗದ್ದಿ ಬಿಡಿಸಿಕೊಳ್ಳಬೇಕು. ಹಂಚಿನ ಕಾರಖಾನಿಗೆ ಮಾರಾಕ ಬರೂದಿಲ್ಲ."

ಪಾಯಪ್ಪನಿಗೆ ಕುಣಿಯಬೇಕೆನಿಸಿತು. ಕೊಡಬೇಕಾದ ಹಣ ದೊಡ್ಡದೇ, ಅಂಗಡಿಯ ಸರಕನ್ನೆಲ್ಲ ಮಾರಬೇಕಾದೀತು. ಆದರೂ ಗದ್ದೆ ಇದ್ದರೆ ಏನಂತೆ! ಮನೆಗೆ ಹೋಗಿ ಜಿನಮತಿಯ ಮುಂದೆ ನಿಂತು ಹೇಳುವ ಮಾತನ್ನು ಅವನು ಆಗಲೇ ಜೋಡಿಸತೊಡಗಿದ್ದ. ಒಡ್ಡಿನ ಮೇಲೆ ಸಾಹೇಬರು ಹೊರಡಲು ಹೆಜ್ಜೆಯೆತ್ತಿದರು.

"ಸಾಹೇಬರ, ನಂದೊಂದ ಅರಿಕಿ ಐತ್ರಿ" ಎಂದ ಭರಮಪ್ಪ.

ಅವನು ಹೆಗಲ ಮೇಲಿನ ವಸ್ತ್ರವನ್ನು ಸೊಂಟಕ್ಕೆ ಸುತ್ತಿಕೊಂಡು ಮುಂದೆ ಬಂದ. "ಈ ಗದ್ದಿ ಮೊದಲ ನಂದ ಇತ್ರಿ. ತಂಗಿ ಮದವೀಗೆ ಅಂತ ಹಿರೇ ಧಣ್ಯಾರ ಕಡೆ, ಅಂದ್ರ ಈ ಧಣ್ಯಾರ ಅಪ್ಪಾರ ಕಡೆ ರೊಕ್ಕಾ ಇಸಗೊಂಡಿದ್ದೆ. ಅವರೂ ಖುಷ್ ಖರೀದಿ ಬರಸಿಕೊಂಡ್ರು." ಒಂದು ಬೆರಳು ಮಡಚಿದ. "ಬೆಲಿ ಭಾಳ ಕಡಿಮಿ ಇತ್ರಿ, ಬುದ್ಧಿ ಇದ್ದಾವ ಯಾವನೂ ಅಷ್ಟಕ್ಕ ಮಾರೂದಿಲ್ಲ." ಎರಡನೆಯದು ಮಡಚಿದ. "ಮಾರಿದ ಮ್ಯಾಲೂ ಗದ್ದಿ ಕೈ ಬದಲಾಗಲಿಲ್ರಿ. ಮೊದಲ ಉಳತಿದ್ದಾವ ನಾನ, ಇವತ್ತಿಗೂ ಉಳಕೋಂತ ಬಂದಾವ ನಾನ." ಮೂರನೆಯ ಬೆರಳಿಗೆ ಬಂದಾಗ ಅವನ ದನಿ ಸ್ವಲ್ಪ ತಗ್ಗಿತು. "ರೊಕ್ಕಾ ತಂದ ದಿನ ಗದ್ದಿ ನಿಂದ ಅಂತ ಹಿರೇ ಧಣ್ಯಾರು ಮಾತ ಕೊಟ್ಟಿದ್ರಿ."

ಒಂದೂ ತಪ್ಪಿರಲಿಲ್ಲ. ಬೆಳಿಗ್ಗೆ ಎಡವಿದ ಕಡೆಯಲ್ಲೆಲ್ಲ ಪಾಯಪ್ಪ ತಿದ್ದಿದ ಹಾಗೆಯೇ ಹೇಳಿದ್ದ.

"ಇಷ್ಟ ವರ್ಷ ಯಾಕ ಸುಮ್ಮನಿದ್ದಿ?" ಎಂದು ಸಾಹೇಬರು ಬೆರಗಿನಿಂದ ಕೇಳಿದರು.

"ಇಂಥಾದೊಂದು ಕಾಯ್ದೆ ಐತಿ ಅಂತ ಇವತ್ತ ಮುಂಜಾನೆ ಗೊತ್ತಾತ್ರಿ. ಧಣ್ಯಾರ ಕಲಿಸಿದ್ರು." ಅವನ ಮುಖದಲ್ಲಿ ಕುಹಕ ಇರಲಿಲ್ಲ, ಉಪಕಾರ ಸ್ಮರಣೆಯೇ ಇತ್ತು. "ಹಂಚಿನ ಕಾರಖಾನ್ಯಾವರು ಬಂದು ಗೂಟಾ ಹೊಡದು ಹೋದ ದಿನದಿಂದ ನನಗ ನಿದ್ದಿ ಇಲ್ರಿ ಸಾಹೇಬರ. ಈ ಮಣ್ಣಾಗ ನಮ್ಮವ್ವನ ಬೆವರ ಬಿದ್ದೈತಿ."

"ಆದರ ನೀ ಆಳು ಅಂತ ಹೇಳಿದ್ಯಲ್ಲ?"

"ಕೈಲೆ ದುಡಿಯೋ ಆಳೂ ಕಾಯ್ದೆ ಕಣ್ಣಿಗೆ ರೈತನರೀ" ಎಂದು ಯಾರೋ ಅಂದರು. ಪಾಯಪ್ಪ ತಿರುಗಿ ನೋಡಿದ. ಅಂದವರು ಅವನ ಸ್ವಂತ ವಕೀಲರು. ಕಾಯ್ದೆಯ ಮಾತು ಬಂದಾಗ ಬಾಯಿ ತಡೆಯುವುದು ನಾಗಲಿಂಗ ವಕೀಲರಿಂದ ಆಗುತ್ತಿರಲಿಲ್ಲ.

ಸಾಹೇಬರು ಭರಮಪ್ಪನ ಅಂಗೈ ನೋಡಲು ಕೇಳಲೇ ಇಲ್ಲ. ಪಾಯಪ್ಪನನ್ನು ನೋಡಿದರು. "ನಿಮ್ಮಪ್ಪ ಹಂಗ ಅಂದಿದ್ದು ಖರೇನೇನು? ಪ್ರಮಾಣ ಮಾಡೀದಿ, ನೆನಪಿರಲಿ."

ಪಾಯಪ್ಪನಿಗೆ ನೆನಪಾಯಿತು. ಅದು ಮರೆತ ಸಂಗತಿಯಲ್ಲ, ನೆನಪಿಗೆ ಬಾರದಂತೆ ಬಿಟ್ಟ ಸಂಗತಿ. ಅಪ್ಪ ಕಟ್ಟೆಯ ಮೇಲೆ ಕೂತಿದ್ದರು, ಭರಮಪ್ಪ ಕೆಳಗೆ ನಿಂತಿದ್ದ, ಅವನ ಹೆಬ್ಬೆಟ್ಟಿಗೆ ಮಸಿ ಹಚ್ಚಿದವನು ತಾನೇ. ಅಪ್ಪ ಆ ಮಾತು ಹೇಳಿದಾಗ ಭರಮಪ್ಪ ಎಷ್ಟೊಂದು ಸಮಾಧಾನದಿಂದ ನಕ್ಕಿದ್ದ! ಈಗ ಇಲ್ಲವೆಂದರೆ ಕೇಳುವವರು ಯಾರೂ ಇಲ್ಲ. ಬೆಳಗಿನಿಂದ ಇಷ್ಟು ಸುಳ್ಳು ಹೇಳಿದವನಿಗೆ ಇನ್ನೊಂದು ದೊಡ್ಡದೇ? ಆದರೆ ಎದುರಿಗೆ ಗುರುಪುತ್ರಪ್ಪನವರು ಕೆಸರಿನ ಧೋತರದಲ್ಲಿ ನಿಂತಿದ್ದರು, ಆಗಷ್ಟೇ ಗದ್ದೆ ಕಳೆದುಕೊಳ್ಳುವ ಖರೇ ಮಾತು ಹೇಳಿದವರು. ಬಡ್ಡಿ ತಿನ್ನುವವನೆಂದು ತಾನು ಊರೆಲ್ಲ ಬೈದ ಮನುಷ್ಯನಿಗಿಂತ ಕಡಿಮೆಯಾಗಲು ಪಾಯಪ್ಪನಿಗೆ ಬಹಳ ನಾಚಿಕೆಯೆನಿಸಿತು.

"ಖರೇ ಐತ್ರಿ ಸಾಹೇಬರ. ನಾ ಅಲ್ಲೇ ಇದ್ದೆ. ನನ್ನ ಕಿವೀಲೆ ಕೇಳೇನಿ" ಎಂದ.

ಭರಮಪ್ಪ ಬೇರೆ ಅರ್ಜಿ ಹಾಕಬೇಕೆಂದು ಸಾಹೇಬರು ಹೇಳಿದರು. ಹಿರೇ ಧಣಿ ವರ್ಷಾ ವರ್ಷಾ ಪಡೆದ ಅಕ್ಕಿಯೂ ಅದೇ ರೀತಿ ಲೆಕ್ಕದಲ್ಲಿ ಮುರಿಯುತ್ತದೆ, ಕೊಡಬೇಕಾದದ್ದು ಅಷ್ಟೇನೂ ಉಳಿಯಲಿಕ್ಕಿಲ್ಲ ಎಂದು ಹೇಳಿ ಛತ್ರಿ ಬಿಚ್ಚಿಕೊಂಡು ನಡೆದರು. ಪಾಯಪ್ಪ ನಿಂತಲ್ಲಿಯೇ ಲೆಕ್ಕ ಹಾಕಿದ. ಅಂಗಡಿ ಮಾರಿ ಸಾವಕಾರರ ಸಾಲ ತೀರಿಸಿ ಗದ್ದೆ ಬಿಡಿಸುವವನು ತಾನು, ಬಿಡಿಸಿದ ಗದ್ದೆಯನ್ನು ಹೆಚ್ಚು ಕಡಿಮೆ ಬಿಟ್ಟಿಯಾಗಿ ಒಯ್ಯುವವನು ಭರಮಪ್ಪ. ಕೇಸು ಸೋತಿದ್ದರೆ ಅಂಗಡಿಯಾದರೂ ಉಳಿಯುತ್ತಿತ್ತು. ಇಂಥ ಗೆಲುವನ್ನು ಕಷ್ಟಪಟ್ಟು, ವಕೀಲರಿಗೆ ಫೀ ಕೊಟ್ಟು, ಮೈಗೆಲ್ಲ ಪಾಲಿಶು ಬಳಿದುಕೊಂಡು ಸಂಪಾದಿಸಿದವನು ಬೆಳಗಾವಿ ಜಿಲ್ಲೆಯಲ್ಲಿ ತಾನೊಬ್ಬನೇ ಇರಬೇಕೆಂದು ಅವನಿಗೆ ನಗು ಬಂತು. ನಗುತ್ತ ನಗುತ್ತ ಒಡ್ಡಿನ ಮೇಲೆ ಕುಸಿದು ಕುಳಿತ. ಜಿನಮತಿಗೆ ಏನು ಹೇಳುವುದು ಎಂಬ ಯೋಚನೆ ಬಂದಾಗ ನಗು ನಿಂತಿತು.

ಗುರುಪುತ್ರಪ್ಪನವರು ಪಕ್ಕದಲ್ಲಿ ಬಂದು ಕುಳಿತು ಅವನ ಬೆನ್ನ ಮೇಲೆ ಕೈಯಿಟ್ಟರು. ಕೇಸು ಹಾಕಿದಂದಿನಿಂದ ಮುಖ ತಿರುಗಿಸಿಕೊಂಡು ಓಡಾಡಿದವರು ಈಗ ಸಂಬಂಧಿಕರಂತೆ ಮಾತಾಡಿದರು. "ಬ್ಯಾಸರ ಮಾಡಿಕೋಬ್ಯಾಡೋ ಪಾಯಪ್ಪಾ. ನನ್ನ ರೊಕ್ಕಕ್ಕೇನು ಅವಸರಿಲ್ಲ, ದೀಪಾವಳಿ ಒಳಗ ಕೊಟ್ರ ಆತು."

ಆಚೆ ಕಡೆ ನಾಗಲಿಂಗ ವಕೀಲರು ಆಗಲೇ ಭರಮಪ್ಪನ ಹೆಗಲ ಮೇಲೆ ಕೈಹಾಕಿಕೊಂಡು ನಿಂತಿದ್ದರು. "ಪಾಯಪ್ಪಾರ ಕೆಲಸಾ ಮುಗೀತು, ಇನ್ನ ನಿಮ್ಮ ಕೇಸು ನಾನ ಹಿಡೀತೀನಿ ಭರಮಪ್ಪಾರ. ಭಾಳ ಗಟ್ಟಿ ಕೇಸು. ಸಾಕ್ಷಿ ಒಬ್ಬರ ಇದ್ದಾರ, ಪಾಯಪ್ಪಾರು. ಆದ್ರ ನಾಳೆ ಕೋರ್ಟಿನ್ಯಾಗ ನಿಂತಾಗ ಅಡ್ಡಾದಿಡ್ಡಿ ಮಾತಾಡಿಗೀತಾಡಿದ್ರ ಹೆಂಗ?"

ಭರಮಪ್ಪ ರಂಟೆಯ ಹಿಡಿ ಹಿಡಿದು, ಒಡ್ಡಿನ ಮೇಲೆ ಕುಳಿತಿದ್ದ ಧಣಿಯನ್ನು ಒಮ್ಮೆ ಮರುಕದಿಂದ ನೋಡಿದ.

"ಏನೂ ಕಾಳಜಿ ಮಾಡಬ್ಯಾಡ್ರಿ ವಕೀಲ ಸಾಹೇಬರ" ಎಂದ. "ಹಿಂದಿನ ದಿನ ಅವರನ್ನ ಇಲ್ಲಿ ಕಳಸ್ರಿ. ನಾ ಕುಂದರಿಸಿಕೊಂಡು ಎಲ್ಲಾ ಬರೋಬ್ಬರಿ ಕಲಿಸಿ ಕಳಸ್ತೀನಿ."